ಕಪ್ಪು ಪರದೆಗೆ ಅಂಜುವ ಪಂಡಿತರು

ಕೆಲವು ತಿಂಗಳ ಹಿಂದೆ ಹಸ್ತಪ್ರತಿಗಳ ಗಣಕೀಕರಣವನ್ನು ಕುರಿತ ವಿಚಾರಸಂಕಿರಣವೊಂದರಲ್ಲಿ ಪ್ರಬಂಧ ಮಂಡಿಸುವ ಅವಕಾಶ ನನಗೆ ಒದಗಿತ್ತು. ತಾಡೋಲೆ, ಶಾಸನ ಮತ್ತು ಹಳೆಯ ಮುದ್ರಿತ ಗ್ರಂಥಗಳ ಛಾಯಾಪ್ರತಿಗಳನ್ನು ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ಸಾಗಿಸುವಾಗ ವಾಟ್ಸಾಪನ್ನೂ ಪೆನ್ ಡ್ರೈವನ್ನೂ ನೆಚ್ಚದೆ ಕಮ್ಯಾಂಡ್ ಲೈನಿನ ಉಪಕರಣಗಳನ್ನು ಬಳಸಬೇಕು. ಆರ್‌ಸಿಂಕ್, ಎಸ್‌ಎಫ್‌ಟಿಪಿ, ಡಬ್ಲ್ಯೂಗೆಟ್ ಇವುಗಳನ್ನು ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಗ್ರಂಥಸಂಪಾದನಾಶಾಸ್ತ್ರದ ಪತ್ರಿಕೆಯಲ್ಲಿಯೇ ಕಲಿಸಬೇಕು ಎಂಬುದು ನನ್ನ ಪ್ರಬಂಧದ ತಿರುಳು. ಅಧ್ಯಕ್ಷಸ್ಥಾನದಲ್ಲಿದ್ದ ಹಿರಿಯ ವಿದ್ವಾಂಸರು ನನ್ನ ಮಾತನ್ನು ಸೌಜನ್ಯದಿಂದಲೇ ತಳ್ಳಿಹಾಕಿದರು. ಕಪ್ಪು ಪರದೆಯ ಮೇಲೆ ಮಂತ್ರ ಬರೆಯುವುದು ಎಂಜಿನಿಯರುಗಳ ಕಸುಬು, ಪಠ್ಯವನ್ನು ನಾವು ನೋಡಿಕೊಳ್ಳೋಣ, ಸಾಗಣೆಯನ್ನು ಅವರು ನೋಡಿಕೊಳ್ಳಲಿ ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಆದರೆ ಮರಳಿ ಬರುವಾಗ ಬಸ್ಸಿನಲ್ಲಿ ಆ ನಗುವಿನ ಬಗ್ಗೆ ನನಗೇ ನಾಚಿಕೆಯಾಯಿತು. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ.

ಪಠ್ಯ ಬೇರೆ, ಸಾಗಣೆ ಬೇರೆ ಎಂಬ ಈ ವಿಭಜನೆ ಕನ್ನಡ ಸಾಹಿತ್ಯಚರಿತ್ರೆಯನ್ನು ಓದಿದವರ ಬಾಯಲ್ಲಿ ಬರಬಾರದಾಗಿತ್ತು. ನಾನಿರುವುದು ಬಸವಕಲ್ಯಾಣದಲ್ಲಿ, ಪಾಠ ಹೇಳುವುದು ಹುಮನಾಬಾದಿನಲ್ಲಿ. ಕಲ್ಯಾಣದ ಕ್ಷೋಭೆಯ ಕಾಲದಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂಬ ಸಂಪ್ರದಾಯವನ್ನು ಈ ಊರಿನ ಮಕ್ಕಳೂ ಬಲ್ಲರು. ಆ ಕಥನದಲ್ಲಿ ಕಾವ್ಯಮೀಮಾಂಸೆಯ ಮಾತಿಲ್ಲ. ಏನನ್ನು ಹೊತ್ತರು, ಯಾರು ಹೊತ್ತರು, ಎಲ್ಲಿಗೆ ತಲುಪಿಸಿದರು ಎಂಬುದೇ ಅದರ ವಸ್ತು. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಗರಿಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದಾಗ ಅವರ ಕೈಗೆ ಬಂದದ್ದು, ಶತಮಾನಗಳುದ್ದಕ್ಕೂ ಒಂದು ಪ್ರತಿಯಿಂದ ಇನ್ನೊಂದು ಪ್ರತಿಗೆ ಸಾಗಿಬಂದ ಬರಹ. ಸಾಗಣೆಯಲ್ಲಿ ಕಳೆದುಹೋದದ್ದನ್ನು ಯಾವ ಪಂಡಿತನೂ ಸಂಪಾದಿಸಲಾರ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ನಾವು ದಾನಚಿಂತಾಮಣಿ ಎಂದು ಕೊಂಡಾಡುತ್ತೇವೆ. ಆಕೆ ಒಂದು ಕಾವ್ಯವನ್ನೂ ಬರೆದವಳಲ್ಲ. ಪ್ರತಿ ಮಾಡಿಸಿದಳು, ಕಳುಹಿಸಿದಳು, ಅಷ್ಟೆ.

ಈಗಿನ ಸಾಗಣೆ ಹೇಗಿದೆಯೆಂಬುದಕ್ಕೆ ನಮ್ಮ ತಾಲ್ಲೂಕಿನದೇ ಒಂದು ನಿದರ್ಶನವಿದೆ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯವೊಂದುಂಟು. ಅದರ ಹೊರಗೋಡೆಯ ಮದನಿಕೆಯರಲ್ಲಿ ಒಬ್ಬಾಕೆ ಕಲ್ಲಿನ ಫಲಕದ ಮೇಲೆ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಾ ನಿಂತಿದ್ದಾಳೆ. ಜನ ಆಕೆಯನ್ನು ಶಾಸನಸುಂದರಿ ಎನ್ನುತ್ತಾರೆ. ಬರೆಯುವ ಹೆಣ್ಣನ್ನು ಕಡೆದಿದ್ದಾರೆ ಮಾತ್ರವಲ್ಲ, ಆಕೆ ಬರೆದದ್ದನ್ನು ಓದಲು ಬರುವಂತೆ ಕಡೆದಿದ್ದಾರೆ. ನನ್ನ ವಿದ್ಯಾರ್ಥಿಯೊಬ್ಬ ಆ ಫಲಕದ ಚಿತ್ರವನ್ನು ಒಳ್ಳೆಯ ಬೆಳಕಿನಲ್ಲಿ ತೆಗೆದು ನನಗೆ ವಾಟ್ಸಾಪಿನಲ್ಲಿ ಕಳುಹಿಸಿದ. ದೊಡ್ಡದು ಮಾಡಿ ನೋಡಿದರೆ ಅಕ್ಷರದ ಅಂಚುಗಳೆಲ್ಲ ಕದಡಿ ಹೋಗಿದ್ದವು. ಅನುಸ್ವಾರದ ಬಿಂದುವೋ ಕಲ್ಲಿನ ಚಕ್ಕೆ ಎದ್ದದ್ದೋ ತಿಳಿಯದು. ಹುಡುಗನ ಮೊಬೈಲು ತೆಗೆದ ಚಿತ್ರ 4000ಕ್ಕೆ 3000 ಬಿಂದುಗಳದು, ಅಂದರೆ ಒಂದು ಕೋಟಿ ಇಪ್ಪತ್ತು ಲಕ್ಷ ಬಿಂದುಗಳು. ನನ್ನ ಕೈಸೇರಿದ್ದು 1600ಕ್ಕೆ 1200, ಹತ್ತೊಂಬತ್ತು ಲಕ್ಷ. ಆರರಲ್ಲಿ ಐದು ಪಾಲು ದಾರಿಯಲ್ಲಿ ಉದುರಿತ್ತು. ಚಿತ್ರ ತೆಗೆದ ದಿನ, ಹೊತ್ತು, ಸ್ಥಳ ಮುಂತಾಗಿ ಕ್ಯಾಮೆರಾ ತಾನಾಗಿ ಬರೆದಿಟ್ಟ ವಿವರವೂ ಅಳಿಸಿಹೋಗಿತ್ತು. ಅದೇ ಚಿತ್ರವನ್ನು 'ಡಾಕ್ಯುಮೆಂಟ್' ಎಂದು ಆರಿಸಿ ಕಳುಹಿಸಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಎಷ್ಟು ಮಂದಿ ಹಾಗೆ ಮಾಡುತ್ತಾರೆ? ನಮ್ಮ ಶಾಸನಾಸಕ್ತರ ಗುಂಪುಗಳಲ್ಲಿ ದಿನವೂ ಹರಿದಾಡುವ ಚಿತ್ರಗಳು ಬಹುಮಟ್ಟಿಗೆ ಇಂತಹ ಕುಗ್ಗಿದ ಪ್ರತಿಗಳೇ. ಅವುಗಳ ಆಧಾರದ ಮೇಲೆ ಪಾಠ ನಿರ್ಣಯಿಸಿ ಲೇಖನ ಬರೆಯುವವರೂ ಇದ್ದಾರೆ.

ಇದಾದರೂ ಸಣ್ಣದು, ಜಲಸಂಗಿಯ ಕಲ್ಲು ಅಲ್ಲಿಯೇ ಇದೆ, ಮತ್ತೆ ಹೋಗಿ ಚಿತ್ರ ತೆಗೆಯಬಹುದು. ಹಾಗೆ ಮಾಡಲಾಗದ ಒಂದು ಪ್ರಸಂಗವನ್ನು ಹೇಳುವುದು ನನಗೆ ಸುಲಭವಲ್ಲ. ಬಸವಕಲ್ಯಾಣದಿಂದ ಹೆಚ್ಚು ದೂರವಿಲ್ಲದ ಹಳ್ಳಿಯ ಒಂದು ಮನೆಯಲ್ಲಿ ತಾಡೋಲೆಯ ಎರಡು ಕಟ್ಟುಗಳಿದ್ದವು. ಮನೆಯವರನ್ನು ಒಪ್ಪಿಸಲು ನನಗೆ ಎರಡು ವರ್ಷ ಬೇಕಾಯಿತು. ಕಡೆಗೆ ಸಂಸ್ಥೆಯೊಂದರ ತಂಡ ಬಂದು ಮೂರು ದಿನ ಕುಳಿತು ಒಂದೊಂದು ಗರಿಯನ್ನೂ ಎರಡೂ ಮಗ್ಗುಲು ಚಿತ್ರಿಸಿತು. ಹೊರಡುವ ಅವಸರದಲ್ಲಿ ಚಿತ್ರಗಳನ್ನು ನನ್ನ ಪೆನ್ ಡ್ರೈವಿಗೆ ಎಳೆದು ಹಾಕಿದರು. ಪರದೆಯ ಮೇಲಿನ ಹಸಿರು ಪಟ್ಟಿ ತುದಿ ಮುಟ್ಟುವ ಮೊದಲೇ ಕರೆಂಟು ಹೋಯಿತು. ಮತ್ತೆ ಬಂದಾಗ ಮುಂದುವರಿಸಿದರು. ಕಡತಗಳ ಸಂಖ್ಯೆ ಸರಿಯಾಗಿದೆ ಎಂದು ಇಬ್ಬರೂ ಎಣಿಸಿಕೊಂಡೆವು. ಎಣಿಕೆ ಸರಿಯಾಗಿಯೇ ಇತ್ತು. ತಂಡದವರು ತಮ್ಮ ಕ್ಯಾಮೆರಾದ ಕಾರ್ಡನ್ನು ಮುಂದಿನ ಊರಿಗಾಗಿ ಅಳಿಸಿಕೊಂಡರು. ಸುಮಾರು ಒಂದೂವರೆ ವರ್ಷದ ನಂತರ, ಎರಡನೆಯ ಕಟ್ಟಿನ ಲಿಪ್ಯಂತರಕ್ಕೆ ಕುಳಿತಾಗ ನೋಡುತ್ತೇನೆ, ಚಿತ್ರದ ಮೇಲರ್ಧದಲ್ಲಿ ಗರಿ, ಕೆಳಗರ್ಧದಲ್ಲಿ ಬರಿಯ ಬೂದು ಬಣ್ಣ. ಒಂದಲ್ಲ, ನಲವತ್ತಕ್ಕೂ ಹೆಚ್ಚು ಚಿತ್ರಗಳು ಹೀಗೆ. ಕೆಲವು ತೆರೆಯಲೇ ಇಲ್ಲ. ಹೆಸರು ಪೂರ್ತಿ, ಒಡಲು ಅರ್ಧ. ಮರುದಿನವೇ ಆ ಹಳ್ಳಿಗೆ ಓಡಿದೆ. ಮನೆಯ ಯಜಮಾನರು ಬಾಗಿಲಲ್ಲಿಯೇ, "ಹ್ವಾದ್ ಮಳಿಗಾಲದಾಗ ಮಾಳಗಿ ಸೋರಿತ್ರಿ ಸರ. ಗರಿ ಎಲ್ಲಾ ತೊಯ್ದು ಒಂದಕ್ಕೊಂದ್ ಹತ್ಕೊಂಡ್ ಹೋಗ್ಯಾವ್ರಿ" ಎಂದರು. ಅವರ ಮುಖದಲ್ಲಿ ನನ್ನ ಮೇಲೆ ಆಕ್ಷೇಪವಿರಲಿಲ್ಲ. ಚಿತ್ರ ತೆಗೆದುಕೊಂಡು ಹೋಗಿದ್ದಾರೆ, ಇನ್ನು ಗರಿ ಹೋದರೂ ಗ್ರಂಥ ಉಳಿಯಿತು ಎಂದು ಅವರು ನಂಬಿದ್ದರು. ನಾನೇ ಹಾಗೆ ನಂಬಿಸಿದ್ದೆ.

ತಂಡದವರದೂ ತಪ್ಪು, ನನ್ನದೂ ತಪ್ಪು. ಆದರೆ ಇಬ್ಬರ ತಪ್ಪಿನ ಮೂಲವೂ ಒಂದೇ: ಪ್ರತಿ ಮಾಡಿದ ಮೇಲೆ ಮೂಲದೊಂದಿಗೆ ತಾಳೆ ನೋಡಲಿಲ್ಲ. ಗ್ರಂಥಸಂಪಾದನೆಯ ಮೊದಲ ಪಾಠವನ್ನೇ ಬಿಟ್ಟೆವು, ಏಕೆಂದರೆ ಕಂಪ್ಯೂಟರು ತಪ್ಪದೆ ಪ್ರತಿ ಮಾಡುತ್ತದೆ ಎಂಬ ಮೂಢನಂಬಿಕೆ ನಮಗಿತ್ತು.

ಹಳೆಯ ಲಿಪಿಕಾರರಿಗೆ ಈ ಮೂಢನಂಬಿಕೆ ಇರಲಿಲ್ಲ. ಅವರು ಗ್ರಂಥದ ಪ್ರಮಾಣವನ್ನು ಎಣಿಸುತ್ತಿದ್ದರು: ಮೂವತ್ತೆರಡು ಅಕ್ಷರಕ್ಕೆ ಒಂದು ಗ್ರಂಥವೆಂಬ ಲೆಕ್ಕ. ಜೈನ ಹಸ್ತಪ್ರತಿಗಳ ಕೊನೆಯಲ್ಲಿ ಬರುವ ಗ್ರಂಥಾಗ್ರದ ಸಂಖ್ಯೆ ಇದೇ. ಧವಲಾ ಟೀಕೆ 72,000 ಶ್ಲೋಕಪ್ರಮಾಣ, ಜಯಧವಲಾ 60,000 ಎಂಬ ಮಾತು ಪರಂಪರೆಯಲ್ಲಿ ಉಳಿದುಬಂದದ್ದು ಹೆಗ್ಗಳಿಕೆಗಾಗಿ ಮಾತ್ರವಲ್ಲ. ಪ್ರತಿ ತೆಗೆದುಕೊಂಡವನು ತನಗೆ ಪೂರ್ತಿ ದೊರೆಯಿತೇ ಇಲ್ಲವೇ ಎಂದು ಪರೀಕ್ಷಿಸಲು ಅದೊಂದು ಅಳತೆಗೋಲು. ಇದರಲ್ಲೊಂದು ಕೊರತೆಯುಂಟು. ಒಂದು ಪದ್ಯ ಬಿಟ್ಟುಹೋದರೆ ಎಣಿಕೆ ಹೇಳುತ್ತದೆ. ಒಂದು ಅಕ್ಷರ ಬದಲಾದರೆ ಹೇಳದು. ಕಂಪ್ಯೂಟರಿನ ಜಗತ್ತಿನಲ್ಲಿ ಚೆಕ್‌ಸಮ್ ಎನ್ನುವುದು ಈ ಗ್ರಂಥಾಗ್ರದ ಮುಂದಿನ ರೂಪ. ಇಡೀ ಕಡತವನ್ನು ಓದಿ ಒಂದು ಗಣಿತಸೂತ್ರ ಅದಕ್ಕೊಂದು ಗುರುತನ್ನು ಕೊಡುತ್ತದೆ. ಈಗ ವಾಡಿಕೆಯಲ್ಲಿರುವ ಎಸ್‌ಎಚ್‌ಎ-256 ಪದ್ಧತಿಯಲ್ಲಿ ಅದು ಅರವತ್ತನಾಲ್ಕು ಚಿಹ್ನೆಗಳ ಸಾಲು. ಕಡತದಲ್ಲಿ ಒಂದೇ ಒಂದು ಬಿಂದುವಿನ ಬಣ್ಣ ಬದಲಾದರೂ ಆ ಸಾಲು ಗುರುತು ಸಿಗದಷ್ಟು ಬೇರೆಯಾಗುತ್ತದೆ. ಲಿಪಿಕಾರ ಗ್ರಂಥಾಂತ್ಯದಲ್ಲಿ, ಕಂಡಂತೆ ಬರೆದಿದ್ದೇನೆ, ದೋಷವಿದ್ದರೆ ನನ್ನನ್ನು ದೂರಬೇಡಿ ಎಂದು ಬೇಡಿಕೊಳ್ಳುತ್ತಿದ್ದ. ಇಂದು ಆ ಬೇಡಿಕೆಯ ಅಗತ್ಯವಿಲ್ಲ, ಕಂಡಂತೆಯೇ ಬರೆದಿದೆಯೇ ಎಂದು ಕೇಳಿ ತಿಳಿಯಬಹುದು. ಕೇಳುವವರಿಗೆ ಮಾತ್ರ.

ಆರ್‌ಸಿಂಕ್ ಎಂಬ ಉಪಕರಣ ಕೇಳದಿದ್ದರೂ ಇದನ್ನು ಮಾಡುತ್ತದೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಇದನ್ನು 1996ರಲ್ಲಿ ಬಿಡುಗಡೆ ಮಾಡಿದರು. ಟ್ರಿಜೆಲ್ ಅವರ ಪಿಎಚ್.ಡಿ. ಪ್ರಬಂಧದ ವಸುವೂ ಇದೇ. ಎರಡೂ ತುದಿಯ ಕಡತಗಳನ್ನು ಹೋಲಿಸಿ, ಇಲ್ಲದಿರುವುದನ್ನು ಮತ್ತು ಬದಲಾಗಿರುವುದನ್ನು ಮಾತ್ರ ಕಳುಹಿಸುವುದು ಅದರ ರೀತಿ. ದೊಡ್ಡ ಕಡತವೊಂದರ ಒಂದು ಭಾಗ ಮಾತ್ರ ಬದಲಾಗಿದ್ದರೆ ಆ ತುಂಡನ್ನಷ್ಟೇ ಕಳುಹಿಸಿ ಉಳಿದುದನ್ನು ಆ ಕಡೆಯ ಹಳೆಯ ಪ್ರತಿಯಿಂದಲೇ ಜೋಡಿಸುತ್ತದೆ. ಮೂಲಪಾಠ ನಿಮ್ಮಲ್ಲಿದೆ, ಪಾಠಾಂತರ ಮಾತ್ರ ಕಳುಹಿಸುತ್ತೇನೆ ಎಂದು ಸಂಪಾದಕರು ಬರೆದುಕೊಳ್ಳುವಂತೆ. ಕಡತ ಬರುತ್ತಿರುವಾಗ ಅದಕ್ಕೆ ತಾತ್ಕಾಲಿಕ ಹೆಸರಿಡುತ್ತದೆ, ಪೂರ್ತಿ ಬಂದು ಚೆಕ್‌ಸಮ್ ಹೊಂದಿದ ಮೇಲೆಯೇ ನಿಜವಾದ ಹೆಸರನ್ನು ಕೊಡುತ್ತದೆ. ನನ್ನ ಬೂದು ಬಣ್ಣದ ಗರಿಗಳನ್ನು ನೆನೆಯಿರಿ. ಪೂರ್ತಿ ಹೆಸರಿನ ಅರ್ಧ ಕಡತ ಎಂಬುದು ಅಲ್ಲಿ ಹುಟ್ಟುತ್ತಲೇ ಇರಲಿಲ್ಲ. ಕರೆಂಟು ಹೋಗಿ ಬಂದ ಮೇಲೆ ಅದೇ ಸಾಲನ್ನು ಮತ್ತೊಮ್ಮೆ ಬರೆದರೆ, ಆಗಲೇ ಬಂದುದನ್ನು ಬಿಟ್ಟು ಉಳಿದುದನ್ನು ತಂದುಕೊಳ್ಳುತ್ತಿತ್ತು.

ಕರೆಂಟಿನ ಮಾತು ನಮ್ಮ ಕಡೆ ಸಣ್ಣದಲ್ಲ. ಎ4 ಅಳತೆಯ ಒಂದು ಪುಟವನ್ನು ಇಂಚಿಗೆ 300 ಬಿಂದುವಿನಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕುಗ್ಗಿಸದೆ ಇಟ್ಟರೆ ಸುಮಾರು 26 ಮೆಗಾಬೈಟ್ ಆಗುತ್ತದೆ. ಐನೂರು ಪುಟದ ಪುಸ್ತಕ 13 ಗಿಗಾಬೈಟ್. ಹೊರಗೆ ಕಳುಹಿಸಲು ಸೆಕೆಂಡಿಗೆ 2 ಮೆಗಾಬಿಟ್ ಸಿಗುವ ಸಂಪರ್ಕದಲ್ಲಿ ಇದಕ್ಕೆ ಹದಿನಾಲ್ಕು ಗಂಟೆಗೂ ಮೇಲೆ ಬೇಕು. ಹದಿನಾಲ್ಕು ಗಂಟೆ ಕರೆಂಟೂ ಸಂಪರ್ಕವೂ ಕಡಿಯದೆ ಇರುವ ದಿನವನ್ನು ನಾನು ಬಸವಕಲ್ಯಾಣದಲ್ಲಿ ಬೇಸಿಗೆಯಲ್ಲಿ ಕಂಡದ್ದು ಕಡಿಮೆ. ಬ್ರೌಸರಿನ ಮೂಲಕ ಕಳುಹಿಸುವಾಗ ಹನ್ನೆರಡನೆಯ ಗಂಟೆಯಲ್ಲಿ ಸಂಪರ್ಕ ಕಡಿದರೆ ಎಷ್ಟೋ ತಾಣಗಳಲ್ಲಿ ಮೊದಲಿನಿಂದ ಆರಂಭಿಸಬೇಕು. ಬೆಂಗಳೂರಿನಲ್ಲಿ ಕುಳಿತು ಇದೆಲ್ಲ ಎಂಜಿನಿಯರುಗಳ ಚಿಂತೆ ಎನ್ನುವವರು ಒಮ್ಮೆ ಇಲ್ಲಿಗೆ ಬಂದು ಒಂದು ಗ್ರಂಥವನ್ನು ಕಳುಹಿಸಿ ನೋಡಲಿ. ನಮ್ಮಲ್ಲಿ ಬಹುಮಂದಿ ಮಾಡುವುದೇನು? ಪೆನ್ ಡ್ರೈವನ್ನು ಜೇಬಿನಲ್ಲಿಟ್ಟುಕೊಂಡು ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹತ್ತುವುದು. ಜೇಬು ಹರಿದರೆ ಗ್ರಂಥ ಹೋಯಿತು. ಹಾದಿಯಲ್ಲಿ ಯಾರದೋ ಕಂಪ್ಯೂಟರಿಗೆ ಚುಚ್ಚಿದರೆ ವೈರಸ್ಸು ಬಂತು.

ಇನ್ನು ಕಪ್ಪು ಪರದೆಯ ಭಯ. ಫೈಲ್ ಎಂಬುದಕ್ಕೆ ನಾವು ಇಂದು ಕಡತ ಎನ್ನುತ್ತೇವೆ. ಮೂಲದಲ್ಲಿ ಕಡತವೆಂದರೆ ಏನು? ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿದ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕಪ್ಪು ಹಾಳೆ, ಬಿಳಿಯ ಅಕ್ಷರ. ಮಠಗಳ ಲೆಕ್ಕಪತ್ರ, ವರ್ತಕರ ವಹಿವಾಟು ಎಲ್ಲ ಇದರಲ್ಲಿಯೇ ನಡೆದವು. ನಮ್ಮ ಹಿರಿಯರು ತಲೆತಲಾಂತರ ನೆಚ್ಚಿದ ಕಪ್ಪು ಪರದೆಯನ್ನು ಇಂದು ಕಂಪ್ಯೂಟರಿನಲ್ಲಿ ಕಂಡೊಡನೆ ನಾವು ಹಿಂಜರಿಯುವುದು ವಿಚಿತ್ರ.

ಅಲ್ಲಿ ಬರೆಯುವುದು ಮಂತ್ರವೂ ಅಲ್ಲ, ವಾಕ್ಯ. ಮೊದಲು ಕ್ರಿಯಾಪದ: ಪ್ರತಿ ಮಾಡು. ನಡುವೆ ಕ್ರಿಯಾವಿಶೇಷಣಗಳು: ಕಾಲ ಮತ್ತು ಹಕ್ಕುಗಳನ್ನು ಉಳಿಸಿ, ನಡೆಯುತ್ತಿರುವುದನ್ನು ತೋರಿಸುತ್ತಾ, ಅರ್ಧ ಬಂದುದನ್ನು ಬಿಸಾಡದೆ. ಕೊನೆಯಲ್ಲಿ ಎಲ್ಲಿಂದ, ಎಲ್ಲಿಗೆ. ಕೇಶಿರಾಜನ ವಿಭಕ್ತಿಪ್ರತ್ಯಯಗಳನ್ನು ಬಾಯಿಪಾಠ ಹೇಳಬಲ್ಲವರಿಗೆ, ಸಂಧಿ ಸಮಾಸಗಳ ಅಪವಾದಗಳನ್ನೆಲ್ಲ ನೆನಪಿಟ್ಟವರಿಗೆ, ಇದು ಒಂದು ವಾರದ ಕಲಿಕೆ. ಒಂದು ಎಚ್ಚರ ಮಾತ್ರ ಬೇಕು. ಕನ್ನಡದಲ್ಲಿ ಪದಗಳನ್ನು ಹಿಂದುಮುಂದು ಮಾಡಿದರೂ ವಿಭಕ್ತಿ ಅರ್ಥವನ್ನು ಕಾಯುತ್ತದೆ: 'ಮನೆಯಿಂದ ಕಾಲೇಜಿಗೆ' ಎಂದರೂ 'ಕಾಲೇಜಿಗೆ ಮನೆಯಿಂದ' ಎಂದರೂ ಒಂದೇ. ಆರ್‌ಸಿಂಕಿನ ವಾಕ್ಯದಲ್ಲಿ ವಿಭಕ್ತಿ ಇಲ್ಲ, ಸ್ಥಾನವೇ ಕಾರಕ. ಮೊದಲು ಬಂದದ್ದು ಮೂಲ, ನಂತರದ್ದು ಗಮ್ಯ. ಅದಲುಬದಲಾದರೆ ಖಾಲಿಯಾದದ್ದು ತುಂಬಿದ್ದನ್ನು ನುಂಗುತ್ತದೆ, ಅದರಲ್ಲಿಯೂ ಮೂಲದಲ್ಲಿಲ್ಲದ್ದನ್ನು ಗಮ್ಯದಲ್ಲಿ ಅಳಿಸು ಎಂಬ ವಿಶೇಷಣವನ್ನು ಸೇರಿಸಿದ್ದರೆ. ನಾನೇ ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಹೀಗೆ ಬರೆದು ಒಂದು ವರ್ಷದ ಶಾಸನ ಟಿಪ್ಪಣಿಗಳನ್ನು ಕಳೆದುಕೊಂಡಿದ್ದೇನೆ. ಹಾಗಾದರೆ ಇದು ಅಪಾಯಕರವಲ್ಲವೇ ಎನ್ನಬಹುದು. ಅಪಾಯಕರವೇ. ಆದರೆ 'ಮಾಡಬೇಡ, ಏನು ಮಾಡುವೆ ಎಂದು ಹೇಳು ಸಾಕು' ಎಂಬ ವಿಶೇಷಣವೂ ಅದರಲ್ಲಿಯೇ ಇದೆ. ಡ್ರೈ ರನ್ ಎನ್ನುತ್ತಾರೆ. ಅಂದಿನಿಂದ ಅದನ್ನು ಸೇರಿಸದೆ ನಾನು ಯಾವ ಸಾಲನ್ನೂ ಮೊದಲ ಬಾರಿಗೆ ಓಡಿಸಿಲ್ಲ. ಮೂಲದ ವಿಳಾಸದ ಕೊನೆಯಲ್ಲಿ ಒಂದು ಓರೆಗೆರೆ ಇದ್ದರೆ ಒಳಗಿನದು ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಹೋಗುತ್ತದೆ ಎಂಬ ಸೂಕ್ಷ್ಮವೂ ಉಂಟು. ಒಂದು ಅರ್ಧಾನುಸ್ವಾರಕ್ಕಾಗಿ ವಿದ್ವತ್‌ಪತ್ರಿಕೆಗಳಲ್ಲಿ ಜಗಳವಾಡಿದವರು ನಾವು. ಒಂದು ಓರೆಗೆರೆ ನಮಗೆ ಭಾರವೇ?

ಇದು ಪರದೇಶದ ವಿದ್ಯೆ ಎಂಬ ಆಕ್ಷೇಪಣೆಯನ್ನೂ ಕೇಳಿದ್ದೇನೆ. ಕಂಪ್ಯೂಟರುಗಳ ನಡುವೆ ಕಡತ ಸಾಗಿಸುವ ಎಫ್‌ಟಿಪಿ ಎಂಬ ಒಡಂಬಡಿಕೆಯ ಮೊದಲ ಕರಡನ್ನು 1971ರ ಏಪ್ರಿಲಿನಲ್ಲಿ ಬರೆದವರು ಅಭಯ್ ಭೂಷಣ್. ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋದವರು. ಇಂಟರ್‌ನೆಟ್ ಎಂಬ ಹೆಸರೇ ರೂಢಿಗೆ ಬರದಿದ್ದ ದಿನಗಳವು. ಆ ಎಫ್‌ಟಿಪಿ ಇಂದು ಮುದಿಯಾಗಿದೆ. ಗುಪ್ತಪದವನ್ನು ಮುಚ್ಚದೆ ಬಿಚ್ಚುಬಿಚ್ಚಾಗಿ ಕಳುಹಿಸುವುದು ಅದರ ದೋಷ. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೊಂಚಿ ಗುಪ್ತಪದಗಳನ್ನು ಕದ್ದಾಗ ತಾತು ಯ್ಲೋನೆನ್ ಎಂಬಾತ ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಮಾರ್ಗವನ್ನು ನಿರ್ಮಿಸಿದ. ಇಂದಿನ ಎಸ್‌ಎಫ್‌ಟಿಪಿ, ಎಸ್‌ಸಿಪಿ, ಆರ್‌ಸಿಂಕ್ ಮೂರೂ ಆ ಮಾರ್ಗದಲ್ಲಿ ನಡೆಯುತ್ತವೆ. ಕಳುಹಿಸುವುದಕ್ಕಲ್ಲದೆ ತಂದುಕೊಳ್ಳುವುದಕ್ಕೆ ಡಬ್ಲ್ಯೂಗೆಟ್ ಮತ್ತು ಕರ್ಲ್ ಇವೆ. ಆರ್ಕೈವ್ ತಾಣದಿಂದ ಒಂದು ಮಾಲೆಯ ಐವತ್ತು ಪುಸ್ತಕಗಳನ್ನು ಇಳಿಸಿಕೊಳ್ಳಲು ಐವತ್ತು ಬಾರಿ ಮೌಸ್ ಒತ್ತುವ ಸಂಶೋಧಕರು ನನ್ನ ಸುತ್ತ ಅನೇಕರಿದ್ದಾರೆ, ವಿಳಾಸಗಳ ಪಟ್ಟಿಯೊಂದನ್ನು ಕೊಟ್ಟು ಮಲಗಿದರೆ ಬೆಳಗಾಗುವುದರೊಳಗೆ ಬಂದಿರುತ್ತವೆಂಬುದನ್ನು ಅವರು ನಂಬುವುದಿಲ್ಲ. ಇವುಗಳಿಗೆ ಹಣ ಕೊಡಬೇಕಾಗಿಲ್ಲ. 2018ರಿಂದೀಚೆಗೆ ವಿಂಡೋಸ್ 10ರಲ್ಲಿ ಕರ್ಲ್, ಎಸ್‌ಸಿಪಿ, ಎಸ್‌ಎಫ್‌ಟಿಪಿಗಳು ತಾವಾಗಿಯೇ ಇರುತ್ತವೆ. ಅಂದರೆ ನಮ್ಮ ಬಹುಪಾಲು ಕನ್ನಡ ವಿಭಾಗಗಳ ಕಂಪ್ಯೂಟರುಗಳಲ್ಲಿ ಈ ಉಪಕರಣಗಳು ವರ್ಷಗಳಿಂದ ಯಾರೂ ಕರೆಯದೆ ಕುಳಿತಿವೆ.

ಎಲ್ಲವನ್ನೂ ದೊಡ್ಡ ಕಂಪನಿಯ ಕ್ಲೌಡಿನಲ್ಲಿಟ್ಟರೆ ಸಾಲದೇ ಎನ್ನುವವರಿಗೆ ನಾನು ಎರಡು ಸಂಗತಿಗಳನ್ನು ನೆನಪಿಸುತ್ತೇನೆ. ಭಾರತದ ಡಿಜಿಟಲ್ ಲೈಬ್ರರಿ ಎಂಬ ತಾಣದಲ್ಲಿ ಸಾರ್ವಜನಿಕ ಹಣದಿಂದ ಸ್ಕ್ಯಾನ್ ಮಾಡಿದ ಲಕ್ಷಾಂತರ ಪುಸ್ತಕಗಳಿದ್ದವು, ಕನ್ನಡದವೂ ಸಾಕಷ್ಟು. ಒಂದು ದಿನ ಆ ತಾಣ ತೆರೆಯದಾಯಿತು. ಇಂದು ನಾವು ಆ ಪುಸ್ತಕಗಳನ್ನು ಓದುತ್ತಿದ್ದರೆ, ಅದು ತಾಣ ಬದುಕಿದ್ದಾಗಲೇ ಅವುಗಳ ಪ್ರತಿ ಮಾಡಿ ಇಂಟರ್‌ನೆಟ್ ಆರ್ಕೈವಿನಲ್ಲಿಟ್ಟವರ ಉಪಕಾರ. ಅವರು ಪ್ರತಿ ಮಾಡಿದಾಗ ಕೆಲವರು ಆಕ್ಷೇಪಿಸಿದ್ದರು.

ಇನ್ನೊಂದು ಇದಕ್ಕಿಂತ ಹಳೆಯದು. ಷಟ್‌ಖಂಡಾಗಮದ ಧವಲಾ ಟೀಕೆಯ ಹಳಗನ್ನಡ ಲಿಪಿಯ ತಾಡೋಲೆಗಳು ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ನಮ್ಮ ಹುಮನಾಬಾದಿನ ಹೆದ್ದಾರಿಯಲ್ಲಿಯೇ ಪಶ್ಚಿಮಕ್ಕೆ ಹೋದರೆ ಸಿಗುವ ಸೊಲ್ಲಾಪುರದ ಶ್ರೇಷ್ಠಿ ಹೀರಾಚಂದ್ ನೇಮಚಂದರು ಮತ್ತಿತರರು ಪ್ರಯತ್ನಪಟ್ಟು, 1896ರಲ್ಲಿ ಅಲ್ಲಿಯೇ ಪ್ರತಿ ಬರೆಸುವ ಕಾರ್ಯ ಆರಂಭವಾಯಿತು. ಬರೆದ ಪ್ರತಿಯೂ ಅಲ್ಲಿಯೇ ಉಳಿಯಬೇಕೆಂಬುದು ಕಟ್ಟಳೆ. ಬರೆಯುತ್ತಿದ್ದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಮಾಡಿಕೊಂಡ ಇನ್ನೊಂದು ಪ್ರತಿ ಹೊರಬಿದ್ದು ಉತ್ತರದ ಸಹಾರನಪುರವನ್ನು ಸೇರಿತು. ಅದರಿಂದ ಪ್ರತಿ, ಆ ಪ್ರತಿಯಿಂದ ಪ್ರತಿ. ಪ್ರೊ. ಹೀರಾಲಾಲ್ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಮುಂದಿದ್ದುದು ಈ ಪರಂಪರೆಯ ಕಾಗದದ ಪ್ರತಿಗಳೇ. ಮೂಡಬಿದಿರೆಯ ಓಲೆಗಳೊಂದಿಗೆ ತಾಳೆ ನೋಡುವ ಅವಕಾಶ ಆಮೇಲೆ ದೊರೆತು ಪಾಠಗಳು ತಿದ್ದಲ್ಪಟ್ಟವು. ಗುಟ್ಟಿನ ಪ್ರತಿಯ ನ್ಯಾಯಾನ್ಯಾಯವನ್ನು ನಾನಿಲ್ಲಿ ವಿಚಾರಿಸುವುದಿಲ್ಲ. ಓಲೆಗಳನ್ನು ಅಷ್ಟು ಕಾಲ ಕಾಪಾಡಿದ ಮೂಡಬಿದಿರೆಯವರ ಋಣವನ್ನು ಯಾರೂ ಮರೆಯಲಾಗದು. ನಾನು ಹೇಳುವುದಿಷ್ಟು: ಒಂದೇ ಕಡೆ ಇರುವ ಗ್ರಂಥ, ಅದು ಸಿದ್ಧಾಂತ ಬಸದಿಯಲ್ಲಿರಲಿ ಯಾವುದೋ ಕಂಪನಿಯ ಯಂತ್ರಾಗಾರದಲ್ಲಿರಲಿ, ಅದನ್ನು ಕಾಯುವವರ ಮನಸ್ಸಿನಷ್ಟೇ ಭದ್ರ. ಮತ್ತು ಪ್ರತಿಯ ಪ್ರತಿಯ ಪ್ರತಿಯಲ್ಲಿ ದೋಷ ಎಲ್ಲಿ ಹೊಕ್ಕಿತೆಂದು ಹುಡುಕಲು ಅಂದಿನ ಸಂಪಾದಕರಿಗೆ ವರ್ಷಗಳೇ ಬೇಕಾದವು. ಚೆಕ್‌ಸಮ್ ಬರೆದಿಟ್ಟ ಪ್ರತಿಯಲ್ಲಿ ಅದು ನಿಮಿಷದ ಕೆಲಸ.

ನನ್ನ ಪಕ್ಷದ ದೌರ್ಬಲ್ಯವನ್ನೂ ಮುಚ್ಚಿಡುವುದಿಲ್ಲ. ಕಪ್ಪು ಪರದೆಗೆ ಕನ್ನಡ ಇನ್ನೂ ಒಗ್ಗಿಲ್ಲ. ಒತ್ತಕ್ಷರಗಳು ಒಡೆಯುತ್ತವೆ, ಗುಣಿತದ ಚಿಹ್ನೆಗಳು ಪಕ್ಕದ ಅಕ್ಷರದ ಮೇಲೆ ಬೀಳುತ್ತವೆ. ಇದಕ್ಕಿಂತ ಗಹನವಾದ ತೊಡಕೊಂದಿದೆ. ಯುನಿಕೋಡಿನಲ್ಲಿ ದೀರ್ಘ ಈ, ಏ, ಐ, ಒ, ಓ ಗುಣಿತಚಿಹ್ನೆಗಳನ್ನು ಎರಡು ಬಗೆಯಲ್ಲಿ ಬರೆಯಬಹುದು: ಇಡಿಯಾಗಿ ಒಂದೇ ಸಂಕೇತವಾಗಿ, ಇಲ್ಲವೇ ಎರಡು ಮೂರು ತುಂಡುಗಳಾಗಿ. ಕಣ್ಣಿಗೆ ಎರಡೂ ಒಂದೇ. ಆದರೆ ಆಪಲ್ ಕಂಪ್ಯೂಟರುಗಳ ಹಳೆಯ ಕಡತವ್ಯವಸ್ಥೆ ಹೆಸರುಗಳನ್ನು ತುಂಡಾಗಿಸಿಯೇ ಇಡುತ್ತಿತ್ತು. ಆದ್ದರಿಂದ 'ಕೇಶಿರಾಜ' ಎಂಬ ಹೆಸರಿನ ಫೋಲ್ಡರು ಅಲ್ಲಿಂದ ಲಿನಕ್ಸಿಗೆ ಬಂದಾಗ, ಇಲ್ಲಿಯೇ ಇದ್ದ 'ಕೇಶಿರಾಜ'ದ ಪಕ್ಕದಲ್ಲಿ ಇನ್ನೊಂದು 'ಕೇಶಿರಾಜ' ನಿಲ್ಲುತ್ತಿತ್ತು. 'ರನ್ನ'ನಿಗೆ ಈ ಕಷ್ಟವಿರಲಿಲ್ಲ, ಅವನ ಹೆಸರಿನಲ್ಲಿ ಅಂತಹ ಚಿಹ್ನೆಯಿಲ್ಲ. ಇದಕ್ಕೂ ಆರ್‌ಸಿಂಕಿನಲ್ಲಿ ಹೆಸರಿನ ಸಂಕೇತವನ್ನು ಮಾರ್ಪಡಿಸುವ ವಿಶೇಷಣವೊಂದಿದೆ. ನನಗೆ ಅದನ್ನು ಹುಡುಕಲು ಹದಿನೈದು ದಿನ ಹಿಡಿಯಿತು. ಏಕಾರದ ರಚನೆಯನ್ನು ಕುರಿತ ಪ್ರಶ್ನೆ ಇದು. ಇದನ್ನು ಬಿಡಿಸಬೇಕಾದವರು ಕನ್ನಡ ಲಿಪಿಯನ್ನು ಬಲ್ಲವರೋ, ಬಾರದ ಎಂಜಿನಿಯರೋ? ನಾವು ಆ ಕೋಣೆಯನ್ನು ಹೊಕ್ಕಿಲ್ಲವಾದ್ದರಿಂದಲೇ ಅಲ್ಲಿ ಕನ್ನಡ ಒಡೆದು ಬಿದ್ದಿದೆ. ಸದ್ಯಕ್ಕೆ ನಾನು ಕಡತಗಳಿಗೆ ರೋಮನ್ ಅಕ್ಷರ ಮತ್ತು ಅಂಕಿಯ ಹೆಸರಿಟ್ಟು, ಜೊತೆಗೊಂದು ಕನ್ನಡದ ಸೂಚಿಯನ್ನು ಬರೆದಿಡುತ್ತೇನೆ. ಮನಸ್ಸಿಗೆ ಹಿತವಾದ ಏರ್ಪಾಟಲ್ಲ.

ನಮ್ಮ ಪಠ್ಯಕ್ರಮವನ್ನು ನೋಡಿ. ಗಣಕಜ್ಞಾನವೆಂಬ ಹೆಸರಿನಲ್ಲಿ ಮಕ್ಕಳಿಗೆ ಕಂಪ್ಯೂಟರಿನ ತಲೆಮಾರುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತೇವೆ, ಅರ್ಜಿಯೊಂದನ್ನು ಟೈಪು ಮಾಡಿಸಿ ಅಂಕ ಕೊಡುತ್ತೇವೆ. ಗ್ರಂಥಸಂಪಾದನೆಯ ಪತ್ರ ಬೇರೆ ಕೊಠಡಿಯಲ್ಲಿ ನಡೆಯುತ್ತದೆ. ಅಲ್ಲಿ ಲಿಪಿಕಾರರ ಸ್ಖಾಲಿತ್ಯಗಳನ್ನು ಲೋಪ, ಆಗಮ, ಆದೇಶ ಎಂದು ವರ್ಗೀಕರಿಸಿ ಕಲಿಸುತ್ತೇವೆ. ಆ ಪಾಠ ಮುಗಿಸಿದ ಅಧ್ಯಾಪಕ ಹೊರಬಂದು ಶಾಸನದ ಚಿತ್ರವನ್ನು ಆರರಲ್ಲೊಂದು ಪಾಲಿಗೆ ಕುಗ್ಗಿಸಿ ಮುಂದಕ್ಕೆ ದೂಡುತ್ತಾನೆ. ಲಿಪಿಕಾರನಾದರೋ ನಿದ್ದೆಯಿಂದ, ಮಂದದೃಷ್ಟಿಯಿಂದ ತಪ್ಪಿದ. ನಮ್ಮದು ತಿಳಿಯಬಾರದೆಂಬ ಹಟ.

ಈಗ ನನ್ನ ಏರ್ಪಾಟು ಹೀಗಿದೆ. ಮನೆಯಲ್ಲೊಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದೇನೆ. ಮನೆಯ ಸಂಪರ್ಕಕ್ಕೆ ಹೊರಗಿನಿಂದ ತಲುಪಬಲ್ಲ ಸ್ವಂತ ವಿಳಾಸವಿಲ್ಲವಾದ್ದರಿಂದ ತಿಂಗಳ ಬಾಡಿಗೆಯ ಸಣ್ಣದೊಂದು ಸರ್ವರನ್ನು ನಡುವೆ ಇಟ್ಟಿದ್ದೇನೆ. ಮನೆಯಿಂದ ಅಲ್ಲಿಗೆ, ಅಲ್ಲಿಂದ ಕಾಲೇಜಿಗೆ. ರಾತ್ರಿ ಹತ್ತಕ್ಕೆ ಒಂದು ಸಾಲು ತಾನಾಗಿ ಓಡುತ್ತದೆ. ಪ್ರತಿ ಫೋಲ್ಡರಿನಲ್ಲಿಯೂ ಚೆಕ್‌ಸಮ್‌ಗಳ ಪಟ್ಟಿಯಿದೆ. ಎಂ.ಎ. ಓದುತ್ತಿರುವ ಮೂವರು ವಿದ್ಯಾರ್ಥಿಗಳು ಭಾನುವಾರಗಳಂದು ಮನೆಗೆ ಬಂದು ಇದನ್ನು ಕಲಿತರು. ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು, ಮೂವರೂ ಹಳ್ಳಿಯ ಕನ್ನಡ ಮಾಧ್ಯಮದವರು. ಮೂರನೆಯ ಭಾನುವಾರಕ್ಕೆ ಅವರಿಗೆ ನನ್ನ ಅಗತ್ಯ ಉಳಿದಿರಲಿಲ್ಲ. ಅವರಲ್ಲೊಬ್ಬಳು ಜಲಸಂಗಿಗೆ ಮತ್ತೆ ಹೋಗಿ ಶಾಸನಸುಂದರಿಯ ಫಲಕವನ್ನು ಬೆಳಗಿನ ಓರೆಬಿಸಿಲಿನಲ್ಲಿ ಚಿತ್ರಿಸಿ, ಅಲ್ಲಿಂದ ಬಂದ ಸಂಜೆಯೇ ಪೂರ್ಣಪ್ರಮಾಣದಲ್ಲಿ ಕಳುಹಿಸಿದಳು. ಅನುಸ್ವಾರವೆಂದು ನಾನು ಶಂಕಿಸಿದ್ದ ಬಿಂದು ಕಲ್ಲಿನ ಚಕ್ಕೆಯೇ.

ಕಳೆದ ವಾರ ಆ ಹಿರಿಯ ವಿದ್ವಾಂಸರು ದೂರವಾಣಿ ಮಾಡಿ, ಆ ಚಿತ್ರಗಳು ತಮ್ಮ ಲೇಖನಕ್ಕೆ ಬೇಕೆಂದೂ ವಾಟ್ಸಾಪಿನಲ್ಲಿ ಕಳುಹಿಸಬೇಕೆಂದೂ ಕೇಳಿದರು. ಸರ್ವರಿನಲ್ಲಿ ಅವರಿಗೊಂದು ಖಾತೆ ತೆರೆದು, ಎಸ್‌ಎಫ್‌ಟಿಪಿಯಿಂದ ತಂದುಕೊಳ್ಳುವ ಬಗೆಯನ್ನು ಅರ್ಧ ಪುಟದಲ್ಲಿ ಕನ್ನಡದಲ್ಲಿ ಬರೆದು ಅಂಚೆಯಲ್ಲಿ ಕಳುಹಿಸಿದ್ದೇನೆ. ಚಿತ್ರಗಳು ಅಲ್ಲಿವೆ. ಅವರು ಇನ್ನೂ ಬಂದಿಲ್ಲ.